ಯಂತ್ರದ ಕಣ್ಣು ಬೆಳಕನ್ನು ಕಾಣುವ ಬಗೆ

ಬೆಂಗಳೂರಿನಿಂದ ಹೊರಟು ಅತ್ತಿಬೆಲೆ ದಾಟಿದೊಡನೆ ಸಿಗುವ ಊರು ಹೊಸೂರು. ಆಡಳಿತ ತಮಿಳುನಾಡಿನದಾದರೂ ಅಲ್ಲಿನ ಪೇಟೆಯಲ್ಲಿ ತಮಿಳಿನೊಡನೆ ತೆಲುಗು, ಕನ್ನಡಗಳೂ ಕಿವಿಗೆ ಬೀಳುತ್ತವೆ. ಗಡಿನಾಡಿನವರಾದ ನಮಗೆ ಇದು ಪರಿಚಿತ ಬಾಳುವೆಯೇ. ಸಿಪ್‌ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಲಾರಿ, ಮೋಟಾರು ಸೈಕಲು, ಕೈಗಡಿಯಾರಗಳ ಕಾರ್ಖಾನೆಗಳು ಅಲ್ಲಿ ನೆಲೆಯೂರಿದವು.

ಇಂತಹ ಕಾರ್ಖಾನೆಗಳಲ್ಲಿ ತಯಾರಾದ ಬಿಡಿಭಾಗಗಳನ್ನು ದೀಪದಡಿ ಹಿಡಿದು, ಗೀರು ಬಿರುಕುಗಳನ್ನು ಹುಡುಕುವುದು ಕೆಲಸಗಾರರ ಕಣ್ಣಿನ ಕೆಲಸವಾಗಿತ್ತು. ಈಗ ಕೈಗಾರಿಕಾ ಲೋಕದಲ್ಲೆಲ್ಲ ಆ ಸ್ಥಾನಕ್ಕೆ ಕ್ಯಾಮರಾ ಬರುತ್ತಿದೆ. ಹಾಗಾದರೆ ನಮ್ಮ ಮಕ್ಕಳಿಗೆ ಉಳಿಯುವ ಕೆಲಸ ಯಾವುದು? ಉತ್ತರ ಹೇಳುವ ಮೊದಲು ಆ ಕಣ್ಣಿನ ಒಳಗುಟ್ಟನ್ನು ತಿಳಿಯುವುದು ಒಳ್ಳೆಯದು.

ಕ್ಯಾಮರಾದ ಮಸೂರದ ಹಿಂದೆ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯೊಂದಿದೆ. ಅದರ ಮೇಲೆ ಪಿಕ್ಸೆಲ್ ಎಂಬ ಲಕ್ಷಗಟ್ಟಲೆ ಸೂಕ್ಷ್ಮ ಮನೆಗಳು. ಬೆಳಕು ಕಣಕಣವಾಗಿ ಬರುತ್ತದೆಂದು 1905ರಲ್ಲಿ ಐನ್‌ಸ್ಟೈನ್ ವಿವರಿಸಿದರಷ್ಟೆ. ಅಂತಹ ಒಂದು ಕಣ ಸಿಲಿಕಾನಿಗೆ ತಾಗಿದಾಗ ಒಂದು ಇಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಮಳೆಗೆ ಅಂಗಳದಲ್ಲಿ ಸಾಲಾಗಿ ಇಟ್ಟ ಪಾತ್ರೆಗಳಲ್ಲಿ ನೀರು ತುಂಬುವಂತೆ, ಒಂದೊಂದು ಮನೆಯಲ್ಲೂ ಇಲೆಕ್ಟ್ರಾನುಗಳು ಕೂಡುತ್ತವೆ. ಅವುಗಳ ಮೊತ್ತವನ್ನು ವಿದ್ಯುತ್ತಾಗಿ ಅಳೆದು ಅಂಕಿಯಾಗಿಸುತ್ತಾರೆ. ಸಾಮಾನ್ಯವಾಗಿ ಕಪ್ಪಿಗೆ 0, ಬಿಳಿಗೆ 255. ಪಾತ್ರೆ ತುಂಬಿ ತುಳುಕಿದರೆ ಲೆಕ್ಕ ತಪ್ಪುತ್ತದೆ. ಹೊಳೆಯುವ ಲೋಹದ ಮೇಲಿನ ಗೀರು ಬಿಳಿ ಕಲೆಯಲ್ಲಿ ಮುಚ್ಚಿಹೋಗುವುದು ಹೀಗೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ ಸಿ.ಸಿ.ಡಿ.ಯಲ್ಲಿ ಈ ವಿದ್ಯುದಂಶ ಕೊಡದಿಂದ ಕೊಡಕ್ಕೆ ನೀರು ಸುರಿದಂತೆ ಮನೆಯಿಂದ ಮನೆಗೆ ಸಾಗಿ ಅಂಚಿನಲ್ಲಿ ಅಳೆಯಲ್ಪಡುತ್ತದೆ. ಇದಕ್ಕಾಗಿ ಅವರಿಗೆ 2009ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಇಂದು ಹೆಚ್ಚು ಬಳಕೆಯಲ್ಲಿರುವ ಸಿಮಾಸ್ ಬಿಲ್ಲೆಯಲ್ಲಾದರೋ ಪ್ರತಿ ಮನೆಗೂ ತನ್ನದೇ ವರ್ಧಕವಿದೆ. ಸಾಲುಸಾಲಾಗಿ ಓದುವ ಬಿಲ್ಲೆಯಾದರೆ ವೇಗವಾಗಿ ಸಾಗುವ ವಸ್ತು ಓರೆಯಾಗಿ ಕಾಣುತ್ತದೆ. ಆದುದರಿಂದ ಓಡುವ ಪಟ್ಟಿಯ ಮೇಲಿನ ತಪಾಸಣೆಗೆ ಎಲ್ಲ ಮನೆಗಳೂ ಒಂದೇ ಕ್ಷಣಕ್ಕೆ ಬೆಳಕು ಹಿಡಿಯುವ ಬಿಲ್ಲೆಯೇ ಬೇಕು.

ಇನ್ನೊಂದು ವಿಷಯ: ಈ ಬಿಲ್ಲೆ ಬಣ್ಣಗುರುಡು. ಅದು ಎಣಿಸಬಲ್ಲದೇ ಹೊರತು ಕೆಂಪು ಹಸಿರುಗಳ ಭೇದವನ್ನು ತಾನಾಗಿ ಅರಿಯದು. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಕ್ರಮದಂತೆ ಮನೆಗಳಿಗೆ ಬಣ್ಣದ ಸೋಸುಗಗಳನ್ನು ಹೊದಿಸುತ್ತಾರೆ: ಎರಡು ಹಸಿರು, ಒಂದು ಕೆಂಪು, ಒಂದು ನೀಲಿ.

ಬಣ್ಣವನ್ನೇ ಅರಿಯದ ಬಿಲ್ಲೆ ದೋಷವನ್ನು ಹೇಗೆ ಅರಿತೀತು? ಯಾವುದು ಗೀರು, ಯಾವುದು ಬರೇ ಧೂಳು, ದೀಪವನ್ನು ಯಾವ ಓರೆಯಲ್ಲಿ ಹಿಡಿದರೆ ಬಿರುಕು ಎದ್ದು ಕಾಣುವುದು ಎಂಬುದನ್ನು ಯಂತ್ರಕ್ಕೆ ಕಲಿಸಬೇಕಾದವನು ಮನುಷ್ಯನೇ. ಅಷ್ಟರಿಂದ ಹಳೆಯ ಕೆಲಸಗಳೆಲ್ಲ ಉಳಿಯುತ್ತವೆಂದು ನಾವು ಹೇಳಲಾರೆವು. ನೋಡುವವರ ಸಂಖ್ಯೆ ಇಳಿದೇ ಇಳಿಯುತ್ತದೆ. ಆದರೆ ಕಲಿಸಬಲ್ಲವರು ಬೇಕಾಗುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಎಟುಕದೆಂಬ ಅಳುಕು ಬೇಡ. ಮಳೆನೀರಿನ ಪಾತ್ರೆಯ ಲೆಕ್ಕ ತಿಳಿದ ಹುಡುಗ ಹುಡುಗಿಯರಿಗೆ ಮುಂದಿನ ಪಾಠವೂ ತಿಳಿದೀತು. ಹತ್ತನೆಯ ತರಗತಿ ಮುಗಿಸುವ ಮಕ್ಕಳೊಡನೆ ಮನೆಯವರು ಈ ಮಾತನ್ನು ಈಗಲೇ ಆಡುವುದು ಲೇಸು.