ವಿಡಿಯೋವನ್ನು ಎಲ್ಲಿ ನಿಲ್ಲಿಸಬೇಕು?

ತರಗತಿಯಲ್ಲಿ ಯೂಟ್ಯೂಬ್ ಬಳಸುವಾಗ ಯಾವ ವಿಡಿಯೋ ಎಂಬುದರಷ್ಟೇ ಅದನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದೂ ಮುಖ್ಯ. ಗುರುತ್ವಾಕರ್ಷಣೆಯ ಪಾಠಕ್ಕೆ ಅಪೊಲೊ 15ರ ದೃಶ್ಯವನ್ನು ತೆಗೆದುಕೊಳ್ಳೋಣ. 1971ರ ಆಗಸ್ಟ್‌ನಲ್ಲಿ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಏಕಕಾಲಕ್ಕೆ ಕೈಬಿಟ್ಟರು.

ಮೊದಲು ತರಗತಿಯಲ್ಲೇ ನಾಣ್ಯವನ್ನೂ ಕಾಗದದ ಹಾಳೆಯನ್ನೂ ಬೀಳಿಸಿ. ಕಾಗದ ಹಿಂದುಳಿಯುತ್ತದೆ. ಅದನ್ನೇ ಉಂಡೆ ಮಾಡಿ ಬೀಳಿಸಿದರೆ ವ್ಯತ್ಯಾಸ ಕುಗ್ಗುತ್ತದೆ. ಈಗ ವಿಡಿಯೋ ಹಾಕಿ, ಸ್ಕಾಟ್ ಕೈಬಿಡುವ ಮುನ್ನ ನಿಲ್ಲಿಸಿ. ಧ್ವನಿ ಬೇಡ, ಅವರು ಮೊದಲೇ ಗೆಲಿಲಿಯೊನ ಹೆಸರೆತ್ತಿ ಸುಳಿವು ಕೊಡುತ್ತಾರೆ. "ಯಾವುದು ಮೊದಲು ಬೀಳುತ್ತದೆ? ಏಕೆ?" ಪ್ರತಿಯೊಬ್ಬರೂ ಕಾರಣಸಹಿತ ಬರೆಯಲಿ. ಬರೆಯದೆ ನೋಡಿದರೆ 'ನನಗೆ ಗೊತ್ತಿತ್ತು' ಎನಿಸಿಬಿಡುತ್ತದೆ, ತಪ್ಪು ಕಲ್ಪನೆ ಒಳಗೇ ಉಳಿಯುತ್ತದೆ. "ಚಂದ್ರನಲ್ಲಿ ಗುರುತ್ವವಿಲ್ಲ, ಎರಡೂ ತೇಲುತ್ತವೆ" ಎಂಬ ಉತ್ತರ ಬಂದರೆ ತಿದ್ದದೆ ಕಪ್ಪುಹಲಗೆಯ ಮೇಲೆ ಬರೆಯಿರಿ.

ಬಳಿಕ ಮುಂದುವರಿಸಿ. ಎರಡೂ ಬೀಳುತ್ತವೆ, ಅಂದರೆ ಅಲ್ಲಿ ಗುರುತ್ವವಿದೆ. ಒಟ್ಟಿಗೇ ಬೀಳುತ್ತವೆ, ಏಕೆಂದರೆ ಗರಿಯನ್ನು ತಡೆಯಲು ಗಾಳಿಯಿಲ್ಲ. ಈ ತೀರ್ಮಾನವನ್ನು ಮಕ್ಕಳೇ ಹೇಳಬೇಕು.

ಕೈಯಿಂದ ಮಾಡಬಹುದಾದ ಪ್ರಯೋಗವನ್ನು ಮಾಡಿಯೇ ತೋರಿಸೋಣ. ಚಂದ್ರನ ನೆಲವನ್ನು ತರಗತಿಗೆ ತರಲಾಗದು. ವಿಡಿಯೋ ಬೇಕಾಗುವುದು ಅಂಥಲ್ಲಿ. ಶಾಲೆಯಲ್ಲಿ ಇಂಟರ್‌ನೆಟ್ ನಂಬುವಂತಿಲ್ಲದಿದ್ದರೆ ಹಿಂದಿನ ದಿನವೇ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ನಿಲ್ಲಿಸಬೇಕಾದ ಕ್ಷಣವನ್ನು ಪಾಠಯೋಜನೆಯಲ್ಲಿ ನಿಮಿಷ, ಸೆಕೆಂಡ್ ಸಹಿತ ಬರೆದಿಡಿ.