ಸಮುದಾಯಾರೋಗ್ಯಕ್ಕೆ ತಕ್ಕ ವೈದ್ಯಶಿಕ್ಷಣ

ರೋಗಿಯು ವೈದ್ಯನಿದ್ದಲ್ಲಿಗೆ ಬರುವುದು ಆಸ್ಪತ್ರೆಯ ಕ್ರಮ. ರೋಗವು ಹುಟ್ಟುವ ನೆಲೆಗೆ ವೈದ್ಯನೇ ಹೋಗುವುದು ಸಮುದಾಯಾರೋಗ್ಯದ ಕ್ರಮ. ಮೊದಲನೆಯದಕ್ಕಾಗಿ ಪಡೆದ ಶಿಕ್ಷಣವು ಎರಡನೆಯದಕ್ಕೂ ಸಾಲುವುದೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಪ್ರಶ್ನೆಯು ಹೊಸದಲ್ಲ. ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರ ತನ್ನ ವರದಿಯಲ್ಲಿ ‘ಸಾಮಾಜಿಕ ವೈದ್ಯ’ನೆಂಬ ಆದರ್ಶವನ್ನು ಮುಂದಿಟ್ಟು, ಅದರ ಸಿದ್ಧಿಗಾಗಿ ರೋಗಪ್ರತಿಬಂಧಕ ಹಾಗೂ ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ಶಿಕ್ಷಣವನ್ನು ಸೂಚಿಸಿತು. ಆದರ್ಶವು ಉಚಿತವಾದುದೇ. ಆದರೆ ಪಾಠಕ್ರಮಕ್ಕೆ ಒಂದು ವಿಷಯವನ್ನು ಕೂಡಿಸಿದ ಮಾತ್ರಕ್ಕೆ ವೈದ್ಯನ ದೃಷ್ಟಿಯು ಬದಲಾಗದು. 1975ರಲ್ಲಿ ಶ್ರೀವಾಸ್ತವ ಸಮಿತಿಯು ವೈದ್ಯಶಿಕ್ಷಣವನ್ನು ನಾಡಿನ ಅವಶ್ಯಕತೆಗಳತ್ತ ತಿರುಗಿಸಬೇಕೆಂದು ಮತ್ತೆ ಹೇಳಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಈ ನಡುವೆ, 1970ರಲ್ಲಿ, ವೆಲ್ಲೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ರಜನೀಕಾಂತ ಮತ್ತು ಮೇಬಲ್ ಆರೋಳೆ ದಂಪತಿಗಳು ಮಹಾರಾಷ್ಟ್ರದ ಜಾಮಖೇಡದಲ್ಲಿ ಕಾರ್ಯವನ್ನಾರಂಭಿಸಿದರು. ಶಿಕ್ಷಿತ ದಾದಿಯರನ್ನು ಹಳ್ಳಿಗಳಲ್ಲಿ ನೆಲಸಿಸುವ ಅವರ ಮೊದಲ ಯೋಜನೆಯು ಫಲಿಸಲಿಲ್ಲ. ಇದು ದಾದಿಯರ ವಿದ್ಯೆಯ ದೋಷವಲ್ಲ. ಹೊರಗಿನಿಂದ ಬಂದ ತರುಣಿಗೆ ಹಳ್ಳಿಯಲ್ಲಿ ಒಂಟಿಯಾಗಿರುವುದು ಸುಲಭವಲ್ಲ, ಅವಳ ಮಾತಿಗೆ ಮನ್ನಣೆ ದೊರೆಯುವುದು ಇನ್ನೂ ಕಷ್ಟ. ಆಗ ಊರವರೇ ಆರಿಸಿದ ಹೆಂಗಸರನ್ನು ಕೇಂದ್ರಕ್ಕೆ ಕರೆಯಿಸಿ ಶಿಕ್ಷಣ ಕೊಡಲಾಯಿತು. ಅವರಲ್ಲಿ ಅನೇಕರು ನಿರಕ್ಷರಿಗಳು, ಕೆಲವರು ಅಸ್ಪೃಶ್ಯರೆನಿಸಿಕೊಂಡವರು. ಬಸುರಿ, ಬಾಣಂತಿ, ಕೂಸುಗಳ ಆರೈಕೆಯನ್ನು ಅವರು ಕಲಿತರು. ದಾದಿ ವೈದ್ಯರು ಊರೂರಿಗೆ ಹೋಗಿ ಅವರ ಕೆಲಸಕ್ಕೆ ಬೆಂಬಲವಾದರು.

ಇಲ್ಲಿ ವೈದ್ಯನೂ ಶಿಷ್ಯನಾಗಬೇಕಾಯಿತು. ಜನರು ಮೊದಲು ಕೇಳಿದುದು ಔಷಧವನ್ನಲ್ಲ, ಅನ್ನವನ್ನೂ ನೀರನ್ನೂ. ಕೊಳವೆಬಾವಿಗಳನ್ನು ದಲಿತರ ಕೇರಿಗಳಲ್ಲಿ ತೋಡಿಸಲು, ನೀರಿಗಾಗಿ ಮೇಲುಜಾತಿಯವರೂ ಅಲ್ಲಿಗೇ ಬರಬೇಕಾಯಿತು. ನೀರಿನೊಡನೆ ಜಾತಿಯ ಪ್ರಶ್ನೆಯೂ ಆರೋಗ್ಯಕ್ಕೆ ಸಂಬಂಧಿಸಿದುದೆಂಬುದನ್ನು ಯಾವ ಶರೀರಶಾಸ್ತ್ರದ ಗ್ರಂಥದಿಂದ ಕಲಿಯಬಹುದು?

2005ರಲ್ಲಿ ಭಾರತ ಸರ್ಕಾರವು ‘ಆಶಾ’ ಕಾರ್ಯಕರ್ತೆಯರ ಯೋಜನೆಯನ್ನು ಆರಂಭಿಸಿದ ಮೇಲೆ, ಊರಿನ ಹೆಣ್ಣುಮಗಳೇ ಆರೋಗ್ಯದ ಮೊದಲ ಸಹಾಯಕಳಾಗುವ ಪದ್ಧತಿಯು ಕರ್ನಾಟಕವೂ ಸೇರಿದಂತೆ ನಾಡಿನಲ್ಲೆಲ್ಲ ಹರಡಿದೆ. ಆದರೆ ಅವಳಿಗೆ ಮಾತ್ರ ಶಿಕ್ಷಣವಿತ್ತು, ಅವಳೊಡನೆ ದುಡಿಯುವ ವೈದ್ಯನನ್ನೂ ದಾದಿಯನ್ನೂ ಹಳೆಯ ಕ್ರಮದಲ್ಲಿಯೇ ಬೆಳೆಸಿದರೆ, ಅವಳು ಆಜ್ಞೆಯನ್ನು ಹೊರುವ ಆಳಾಗುವಳೇ ಹೊರತು ಸಹೋದ್ಯೋಗಿಯಾಗಲಾರಳು. ಆದುದರಿಂದ ವಿದ್ಯಾರ್ಥಿಯು ಹಳ್ಳಿಗೆ ಹೋಗತಕ್ಕುದು ನೋಡಿ ಬರುವುದಕ್ಕಲ್ಲ. ಆ ಹೆಂಗಸಿನ ಜೊತೆಯಲ್ಲಿ ಮನೆಮನೆಯ ಬಾಗಿಲಲ್ಲಿ ನಿಂತು, ಅವಳ ನುಡಿಯಲ್ಲಿಯೇ ಕೇಳಿ ಕಲಿಯುವುದಕ್ಕೆ. ಹಾಗೆ ಕೇಳಬಲ್ಲವನೇ ಸಾಮಾಜಿಕ ವೈದ್ಯನು.