ಎತ್ತರದ ದಾರಿಯಲ್ಲಿ ಅರ್ಧಶಕ್ತಿಯ ನಿಯಮ

ನೇಪಾಳದ ಅನ್ನಪೂರ್ಣಾ ಪರ್ವತಗಳನ್ನು ಸುತ್ತಿ ಬರುವ ದಾರಿ ಬಹುಕಾಲ ಕಾಲ್ನಡಿಗೆಯವರದಾಗಿತ್ತು. ಈಚೆಗೆ ಅದನ್ನು ಮೌಂಟನ್ ಬೈಕ್ ಎಂಬ ದಪ್ಪಗಾಲಿಯ ಸೈಕಲ್ಲಿನಲ್ಲಿ ಸುತ್ತುವವರೂ ಇದ್ದಾರೆ. ನಮ್ಮ ತರುಣರಲ್ಲಿಯೂ ಈ ಹಂಬಲ ಕಾಣುತ್ತಿದೆ. ಹೋಗಬಹುದೇ ಎಂದು ಅವರು ಕೇಳುತ್ತಾರೆ. ಕಳುಹಿಸಬಹುದೇ ಎಂದು ತಂದೆತಾಯಿಗಳು ಕೇಳುತ್ತಾರೆ. ಬೇಡವೆನ್ನುವುದು ಸುಲಭ. ಆದರೆ ದೇಹಬಲವೂ ವಿವೇಕವೂ ಉಳ್ಳವರು ಹೋಗಿ ಕ್ಷೇಮವಾಗಿ ಮರಳುವ ದಾರಿಯಿದು. ನಿಯಮವರಿಯದವರಿಗೆ ಪ್ರಾಣಾಪಾಯವೂ ಉಂಟು. ಆದುದರಿಂದ ಆ ನಿಯಮಗಳನ್ನು ಇಲ್ಲಿ ವಿವರಿಸುತ್ತೇವೆ.

ದಾರಿಯ ಸ್ವರೂಪ

ಸುಮಾರು 760 ಮೀಟರ್ ಎತ್ತರದ ಬೇಸಿಸಹರ್ ಎಂಬಲ್ಲಿಂದ ಹೊರಟು, ಮರ್ಸ್ಯಾಂಗ್ಡಿ ನದಿಯ ಕಣಿವೆಯಲ್ಲಿ ಏರುತ್ತ ಹೋದರೆ 3,540 ಮೀಟರಿನ ಮನಾಂಗ್ ಗ್ರಾಮ ಸಿಗುತ್ತದೆ. ಅಲ್ಲಿಯವರೆಗೆ ಜೀಪು ಹೋಗುವ ರಸ್ತೆಯಿದೆ. ಮುಂದೆ ಕಾಲುಹಾದಿ, ಸೈಕಲ್ಲನ್ನು ತಳ್ಳಬೇಕು, ಕಡಿದಾದಲ್ಲಿ ಹೆಗಲಿಗೇರಿಸಬೇಕು. ದಾರಿಯ ತುತ್ತತುದಿ 5,416 ಮೀಟರಿನ ಥೋರಂಗ್ ಲಾ ಕಣಿವೆದ್ವಾರ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ ಇದರ ಅಂದಾಜು ದೊರೆಯುತ್ತದೆ. ಅಲ್ಲಿಂದ ಮುಕ್ತಿನಾಥ ಕ್ಷೇತ್ರಕ್ಕೆ ಸುಮಾರು 1,700 ಮೀಟರಿನ ಇಳಿಜಾರು, ಸಡಿಲಗಲ್ಲುಗಳ ತಿರುವು ದಾರಿ. ಬಳಿಕ ಜೋಮ್‌ಸೋಮ್ ಮೂಲಕ ಕಾಳೀಗಂಡಕಿಯ ಕಣಿವೆಗಿಳಿದು ಪೋಖರಾ ಕಡೆಗೆ ಬಂದರೆ ಸುತ್ತು ಮುಗಿಯುತ್ತದೆ.

ಬಲಶಾಲಿಗೇ ಅಪಾಯವೇಕೆ?

ಥೋರಂಗ್ ಲಾದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಶರೀರ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಗಟ್ಟಿಮುಟ್ಟಾದ ಕಾಲುಗಳು ಈ ಕಾಲಾವಧಿಯನ್ನು ಕಡಿಮೆ ಮಾಡಲಾರವು. ಕಾಲ್ನಡಿಗೆಯವನನ್ನು ಅವನ ನಿಧಾನವೇ ಕಾಯುತ್ತದೆ. ಸೈಕಲ್ ಸವಾರ ಮನಾಂಗಿನವರೆಗಿನ ರಸ್ತೆಯಲ್ಲಿ ಅವನಿಗಿಂತ ಬೇಗ ಏರಿಬಿಡುತ್ತಾನೆ. ಸಾಮರ್ಥ್ಯವೇ ಇಲ್ಲಿ ಅಪಾಯಕ್ಕೆ ದಾರಿಯಾಗುತ್ತದೆ.

3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ಮನಾಂಗಿನಲ್ಲಿ ಹೀಗೆ ತಂಗುವುದು ರೂಢಿ. ಹಗಲು ಮೇಲೇರಿ ನೋಡಿ, ರಾತ್ರಿ ಕೆಳಗಿಳಿದು ಮಲಗುವುದು ಹಿತಕರ.

ವಾಗ್ಭಟರು ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡಬೇಕೆಂದು ವಿಧಿಸಿದರು. ಮಿತಿಮೀರಿದ ಸಾಹಸಕ್ಕೆ ಆನೆಯನ್ನೆಳೆಯಹೋದ ಸಿಂಹದ ಉಪಮೆಯನ್ನಿತ್ತರು. ತಡೆಯಬಾರದ ಹದಿಮೂರು ವೇಗಗಳಲ್ಲಿ ಚರಕಾಚಾರ್ಯರು ಶ್ರಮದಿಂದ ಬರುವ ಏದುಸಿರನ್ನೂ ಎಣಿಸಿದ್ದಾರೆ. ಏದುಸಿರು ಬಂದಾಗ ನಿಲ್ಲಬೇಕು. ಅದನ್ನು ಅದುಮಿ ಪೆಡಲ್ ತುಳಿಯಬಾರದು. ಜೊತೆಯವನೊಡನೆ ಮಾತನಾಡಲಾಗದಷ್ಟು ಉಸಿರುಗಟ್ಟಿದರೆ ಅರ್ಧಶಕ್ತಿ ಮೀರಿತೆಂದೇ ತಿಳಿಯತಕ್ಕದ್ದು.

ಗುರುತಿಸಬೇಕಾದ ಲಕ್ಷಣಗಳು

ತಲೆನೋವು, ಓಕರಿಕೆ, ಹಸಿವಿಲ್ಲದಿರುವುದು, ಅತಿಯಾದ ದಣಿವು, ತಲೆಸುತ್ತು ಇವು ಮೊದಲ ಸೂಚನೆಗಳು. ಇವು ಕಂಡಲ್ಲಿ ಇನ್ನೂ ಮೇಲೇರದೆ ಅಲ್ಲಿಯೇ ತಂಗಬೇಕು, ಹೆಚ್ಚಾದರೆ ಇಳಿಯಬೇಕು. ಕುಳಿತಾಗಲೂ ಏದುಸಿರು, ಕೆಮ್ಮು, ನೊರೆಯಿಂದ ಕೂಡಿದ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ಶಂಕಿಸಬೇಕು. ಬುದ್ಧಿ ಮಂಕಾಗುವುದು, ನಡಿಗೆ ತೂರಾಡುವುದು ಮೆದುಳು ಬಾತಿರುವುದರ ಗುರುತು. ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಗೆರೆಯ ಮೇಲೆ ನಡೆಸಿ ನೋಡಿ. ಸವಾರನು ಸುಲಭದ ಜಾಗದಲ್ಲಿಯೂ ಮತ್ತೆ ಮತ್ತೆ ಬೀಳುತ್ತಿದ್ದರೆ ಬರಿಯ ದಣಿವೆನ್ನದೆ ಈ ಪರೀಕ್ಷೆ ಮಾಡಿ. ಅಂಥವನನ್ನು ಮತ್ತೆ ಸೈಕಲ್ ಹತ್ತಿಸಬಾರದು, ಒಂಟಿಯಾಗಿ ಬಿಡಬಾರದು; ರಾತ್ರಿಯಾದರೂ ಕೂಡಲೇ ಕೆಳಗಿಳಿಸಬೇಕು.

ಇಳಿಯುವುದು ಎತ್ತ?

ಸುತ್ತುದಾರಿಯ ನಿಜವಾದ ಮೋಸ ಇರುವುದು ಇಲ್ಲಿಯೇ. ಸುಮಾರು 4,900 ಮೀಟರಿನ ಹೈ ಕ್ಯಾಂಪಿನಲ್ಲಿ ಅಸ್ವಸ್ಥನಾದವನಿಗೆ, ಇನ್ನು 500 ಮೀಟರ್ ಏರಿದರೆ ಆಚೆ ಪೂರ್ತಿ ಇಳಿಜಾರಲ್ಲವೇ ಎನಿಸುತ್ತದೆ. ಆ ಏರುವಿಕೆಯೇ ಪ್ರಾಣಕ್ಕೆ ಎರವಾದೀತು. ಇಳಿಯುವುದೆಂದರೆ ಬಂದ ದಾರಿಯಲ್ಲಿ, ಮನಾಂಗಿನ ಕಡೆಗೆ ಇಳಿಯುವುದು. ಸೈಕಲ್ಲು ಅಲ್ಲಿಯೇ ಉಳಿದರೆ ಉಳಿಯಲಿ.

ಹವೆಗೂ ಇದೇ ನಿಯಮ. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣವನ್ನು ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಶೇಷವೇ ಈ ಭಾಗದಲ್ಲಿ ಭಾರೀ ಹಿಮಪಾತವಾಗಿ ಸುರಿದು, ಕನಿಷ್ಠ 43 ಜನ ಅಸುನೀಗಿದರು. ಮೋಡ ಕವಿದ ದಿನ ಥೋರಂಗ್ ಲಾ ಏರಬಾರದು.

ಆಹಾರ, ವಿಹಾರ, ಔಷಧ

ಅಲ್ಲಿಯ ಶೀತ ಮತ್ತು ರೂಕ್ಷ ಗಾಳಿ ವಾತವನ್ನು ಕೆರಳಿಸುತ್ತದೆ. ಬಿಸಿಯಾದ ಅನ್ನ, ಬೇಳೆ, ತುಪ್ಪವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಸೇವಿಸಬೇಕು. ಬಾಯಾರುವವರೆಗೆ ಕಾಯದೆ ಬಿಸಿನೀರು ಕುಡಿಯಬೇಕು. ಮದ್ಯ, ನಿದ್ರೆಮಾತ್ರೆ ವರ್ಜ್ಯ. ಒಣಗುವ ಮೂಗಿಗೆ ಎಳ್ಳೆಣ್ಣೆಯ ಎರಡು ಹನಿ ಸಾಕು. ಬೆವರಿದ ಬಟ್ಟೆಯಲ್ಲಿಯೇ ಇಳಿಜಾರಿಗೆ ಹೊರಟರೆ ಗಾಳಿಗೆ ಮೈ ಮರಗಟ್ಟುತ್ತದೆ. ಬೆರಳು ಸೆಟೆದರೆ ಬ್ರೇಕು ಹಿಡಿಯಲಾಗದು. ತುದಿಯಲ್ಲಿಯೇ ಒಣಬಟ್ಟೆ, ದಪ್ಪ ಕೈಗವಸು ಧರಿಸಿ, ಹೆಲ್ಮೆಟ್ಟು ಬಿಗಿದು ಇಳಿಯಬೇಕು.

ದಾರಿಯ ವಸತಿಗೃಹಗಳಲ್ಲಿ ಬೆಳ್ಳುಳ್ಳಿ ಸೂಪು ಸಿಗುತ್ತದೆ. ನಮ್ಮ ಯಾತ್ರಿಕರು ಕರ್ಪೂರ ಮೂಸುತ್ತಾರೆ. ಸೂಪು ಹಸಿವಿಗೆ ಹಿತ. ಆದರೆ ಇವೆರಡೂ ಈ ರೋಗಕ್ಕೆ ಔಷಧವಲ್ಲ. ಆಯುರ್ವೇದ ವೈದ್ಯರಾಗಿ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಕಷಾಯ, ಲೇಹ್ಯಗಳನ್ನು ನೆಚ್ಚಿ ಇಳಿಯುವುದನ್ನು ತಡಮಾಡಬಾರದು. ಮುಂಜಾಗ್ರತೆಗಾಗಿ ಅಸೆಟಜೋಲಮೈಡ್ ಎಂಬ ಮಾತ್ರೆ ಬೇಕೇ ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ವಿಚಾರಿಸಬೇಕು. ಹೃದ್ರೋಗ, ಶ್ವಾಸರೋಗ, ತೀವ್ರ ರಕ್ತಹೀನತೆ ಉಳ್ಳವರು ಮತ್ತು ಗರ್ಭಿಣಿಯರು ವೈದ್ಯರ ಒಪ್ಪಿಗೆಯಿಲ್ಲದೆ ಹೋಗಕೂಡದು.

ಪೋಖರಾದಿಂದ ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋಗುವ ಹಿರಿಯರಿಗೂ ಈ ಮಾತು ಅನ್ವಯಿಸುತ್ತದೆ. ಅವರೂ ಅಲ್ಪಕಾಲದಲ್ಲಿಯೇ 3,700 ಮೀಟರ್ ಮುಟ್ಟುತ್ತಾರೆ. ನಡುವೆ ಜೋಮ್‌ಸೋಮಿನಲ್ಲಿ ತಂಗಿ ಹೋಗಲಿ. ತಲೆನೋವು ಬಂದರೆ ದರ್ಶನ ಮುಗಿಸಿ ಅಂದೇ ಕೆಳಗಿಳಿಯಲಿ.

ಮಗ ಹೊರಟುನಿಂತಾಗ ತಂದೆತಾಯಿಗಳು ಪಡೆಯಬೇಕಾದ ಭಾಷೆ ಒಂದೇ: ಜೊತೆಯವರಲ್ಲಿ ಒಬ್ಬರಿಗೆ ಸೌಖ್ಯವಿಲ್ಲದಿದ್ದರೂ ಅವರನ್ನು ಬಿಟ್ಟು ಮುಂದುವರಿಯದೆ ಹಿಂದಿರುಗುತ್ತೇನೆ ಎಂಬುದು. ಪರ್ವತ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.